ಆರದ ಉರಿಯೂತ, ದಿನದ ಊಟ

ಸಂಜೆ ಆರೂವರೆ. ಬಸ್ ಸ್ಟ್ಯಾಂಡ್ ಎದುರಿನ ತಳ್ಳುಗಾಡಿಯಲ್ಲಿ ಬಾಣಲೆ ಕಾದಿದೆ. ಕಡಲೆಹಿಟ್ಟಿನಲ್ಲಿ ಮುಳುಗೆದ್ದ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಸದ್ದಿಗೇ ನಾಲ್ಕು ಜನ ಸೇರುತ್ತಾರೆ. ಎಣ್ಣೆ ನಿನ್ನೆಯದೋ ಮೊನ್ನೆಯದೋ, ಕಪ್ಪಾಗಿದೆ. ಕಡಿಮೆ ಬಿದ್ದಷ್ಟಕ್ಕೆ ಮೇಲಿಂದ ಒಂದು ಪ್ಯಾಕೆಟ್ ಸುರಿದರೆ ಇವತ್ತಿನ ವ್ಯಾಪಾರ ನಡೆಯುತ್ತದೆ. ಮಗ್ಗುಲಿನ ಬೇಕರಿಯಲ್ಲಿ ಪಫ್ಸ್, ಖಾರ ಬನ್, ದಿಲ್‌ಪಸಂದ್, ಉಪ್ಪು ಹೆಚ್ಚೇ ಬಿದ್ದ ಮಿಕ್ಸ್‌ಚರ್. ರಾತ್ರಿ ಒಂಬತ್ತರ ಹೊತ್ತಿಗೆ ಅದೇ ಸಾಲಿನ ಮೆಡಿಕಲ್ ಶಾಪಿಗೆ ಒಬ್ಬೊಬ್ಬರೇ ಬರತೊಡಗುತ್ತಾರೆ. ‘ಅಣ್ಣಾ, ಗ್ಯಾಸ್ಟ್ರಿಕ್‌ದು ಒಂದು ಮಾತ್ರೆ ಕೊಡಿ.’ ಡಾಕ್ಟರ ಚೀಟಿ ಇದೆಯಾ ಎಂದು ಯಾರೂ ಕೇಳುವುದಿಲ್ಲ. ಅಂಗಡಿಯವರು ಕತ್ತರಿಯಿಂದ ಸ್ಟ್ರಿಪ್ ತುಂಡು ಮಾಡಿ ಕೊಡುತ್ತಾರೆ, ಕೊಂಡವರು ಅಲ್ಲೇ ನುಂಗಿ ಮನೆಗೆ ಹೋಗುತ್ತಾರೆ.

ಬೀದರ್‌ನಿಂದ ಚಾಮರಾಜನಗರದವರೆಗೆ ಯಾವ ಊರಿನಲ್ಲಾದರೂ ಇದು ಕಾಣುತ್ತದೆ. ಎದೆಯುರಿ ಬಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಬಜ್ಜಿ ತಿಂದವರಿಗೂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ವಿಷಯದಲ್ಲಿ ತಿಳಿವಳಿಕೆಗಿಂತ ಭಯವೇ ಬೇಗ ಹರಡುತ್ತದೆ. ಆದರೆ ಜಠರದ ಒಳಗೋಡೆಯಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ನಡೆಯುವ ಉರಿಯೂತಕ್ಕೂ ನಾವು ದಿನಾ ಉಣ್ಣುವ ಊಟಕ್ಕೂ ನಂಟಿದೆ. ಆ ಉರಿಯೂತಕ್ಕೂ ಜಠರದ ಕ್ಯಾನ್ಸರಿಗೂ ಇರುವ ನಂಟು ಅದಕ್ಕಿಂತ ಗಟ್ಟಿಯಾದದ್ದು. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 9.7 ಲಕ್ಷ ಜನರಿಗೆ ಹೊಸದಾಗಿ ಜಠರ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 6.6 ಲಕ್ಷ ಜನ ಅದರಿಂದ ಸತ್ತರು. ಇದರಲ್ಲಿ ದೊಡ್ಡ ಪಾಲು ತಡೆಯಬಹುದಾದದ್ದು.

ಉರಿಯೂತ ಎಂದರೆ ಏನು?

ಮಗು ಬಿದ್ದು ಮಂಡಿ ತರಚಿಕೊಂಡಾಗ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಇದು ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ಕೆಲಸ. ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸಿ ರೋಗಾಣುಗಳನ್ನು ಕೊಲ್ಲುವ ರಾಸಾಯನಿಕಗಳನ್ನು ಬಿಡುತ್ತವೆ, ಸತ್ತ ಜೀವಕೋಶಗಳನ್ನು ತೆರವು ಮಾಡುತ್ತವೆ, ಹೊಸ ಚರ್ಮ ಬೆಳೆಯಲು ಅನುವು ಮಾಡಿಕೊಡುತ್ತವೆ. ನಾಲ್ಕಾರು ದಿನಗಳಲ್ಲಿ ಕೆಲಸ ಮುಗಿದು ಎಲ್ಲ ತಣ್ಣಗಾಗುತ್ತದೆ. ಇಂಥ ಉರಿಯೂತ ಇಲ್ಲದಿದ್ದರೆ ನಾವು ಬದುಕುತ್ತಲೇ ಇರಲಿಲ್ಲ.

ಉರಿಯೂತಕ್ಕೆ ಕಾರಣವಾದದ್ದು ಅಲ್ಲೇ ಬೀಡುಬಿಟ್ಟರೆ ಮಾತ್ರ ಕಷ್ಟ. ಆಗ ಬಿಳಿಕಣಗಳು ಹಿಂದೆ ಸರಿಯುವುದೇ ಇಲ್ಲ. ಅವು ಬಿಡುವ ತೀಕ್ಷ್ಣ ರಾಸಾಯನಿಕಗಳು ರೋಗಾಣುವಿನ ಜೊತೆಗೆ ಸುತ್ತಲಿನ ಒಳ್ಳೆಯ ಜೀವಕೋಶಗಳನ್ನೂ ಗಾಯಗೊಳಿಸುತ್ತವೆ. ಸತ್ತವುಗಳ ಜಾಗ ತುಂಬಲು ಹೊಸ ಜೀವಕೋಶಗಳು ಮತ್ತೆ ಮತ್ತೆ ಹುಟ್ಟಬೇಕು. ಪ್ರತಿ ಸಲ ಹುಟ್ಟುವಾಗಲೂ ಡಿಎನ್‌ಎಯ ಪ್ರತಿ ತೆಗೆಯಬೇಕು. ಪ್ರತಿ ತೆಗೆಯುವ ಕೆಲಸ ಹೆಚ್ಚಾದಷ್ಟೂ ತಪ್ಪುಗಳು ಹೆಚ್ಚು, ತಪ್ಪುಗಳು ಕೂಡಿ ಬಂದಷ್ಟೂ ಅಂಕೆ ಮೀರಿ ಬೆಳೆಯುವ ಜೀವಕೋಶ ಹುಟ್ಟುವ ಸಾಧ್ಯತೆ ಹೆಚ್ಚು. ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿರಬಹುದು ಎಂದು ಜರ್ಮನಿಯ ವೈದ್ಯ ರುಡಾಲ್ಫ್ ಫಿರ್ಕೊ 1863ರಷ್ಟು ಹಿಂದೆಯೇ ಹೇಳಿದ್ದ. ಕ್ಯಾನ್ಸರ್ ಗೆಡ್ಡೆಗಳೊಳಗೆ ಬಿಳಿಕಣಗಳು ಸೇರಿಕೊಂಡಿದ್ದನ್ನು ಅವನು ಸೂಕ್ಷ್ಮದರ್ಶಕದಲ್ಲಿ ಗಮನಿಸಿದ್ದ.

ಈ ಬಗೆಯ ದೀರ್ಘಕಾಲದ ಉರಿಯೂತ ಹೆಚ್ಚಾಗಿ ನೋಯುವುದಿಲ್ಲ. ಮಂಡಿಯ ಗಾಯ ಕಣ್ಣಿಗೆ ಕಾಣುತ್ತದೆ. ಜಠರದ ಗೋಡೆ ಇಪ್ಪತ್ತು ವರ್ಷ ಹೀಗಿದ್ದರೂ ಮನುಷ್ಯ ಉಂಡು, ದುಡಿದು, ನಿದ್ದೆ ಮಾಡಿಕೊಂಡು ಇರಬಹುದು.

ಆಮ್ಲದಲ್ಲೂ ಬದುಕುವ ಬ್ಯಾಕ್ಟೀರಿಯಾ

ಜಠರದಲ್ಲಿ ಅಷ್ಟು ಪ್ರಬಲ ಆಮ್ಲ ಇರುವಾಗ ಅಲ್ಲಿ ಯಾವ ಜೀವಿಯೂ ಬದುಕಲಾರದು ಎಂದೇ ವೈದ್ಯಲೋಕ ಬಹುಕಾಲ ನಂಬಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ನಂಬಿಕೆಯನ್ನು ಬುಡಮೇಲು ಮಾಡಿದರು. ಉರಿಯೂತ ಇರುವ ಜಠರದಿಂದ ತೆಗೆದ ಚೂರುಗಳಲ್ಲಿ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾ ಅವರಿಗೆ ಪದೇ ಪದೇ ಕಾಣುತ್ತಿತ್ತು. 1982ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಯಾರೂ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಈ ಬ್ಯಾಕ್ಟೀರಿಯಾವನ್ನು ಡಾಕ್ಟರುಗಳು ಚಿಕ್ಕದಾಗಿ ಎಚ್. ಪೈಲೋರಿ ಎನ್ನುತ್ತಾರೆ. ಇದು ತನ್ನ ಸುತ್ತ ಅಮೋನಿಯಾ ಉತ್ಪಾದಿಸಿಕೊಂಡು ಆಮ್ಲವನ್ನು ತಟಸ್ಥಗೊಳಿಸುತ್ತದೆ, ಜಠರದ ಗೋಡೆಯ ಮೇಲಿನ ಲೋಳೆಯೊಳಗೆ ಕೊರೆದುಕೊಂಡು ಹೋಗಿ ಕೂರುತ್ತದೆ. ಕೆಲವು ತಳಿಗಳು ‘ಕ್ಯಾಗ್‌ ಎ’ ಎಂಬ ಪ್ರೋಟೀನನ್ನು ನಮ್ಮ ಜೀವಕೋಶಗಳೊಳಗೆ ಚುಚ್ಚುತ್ತವೆ. ಅಂಥ ತಳಿಗಳೇ ಹೆಚ್ಚು ಅಪಾಯಕಾರಿ. ಸೋಂಕು ಸಾಮಾನ್ಯವಾಗಿ ಚಿಕ್ಕಂದಿನಲ್ಲಿ, ಮನೆಯವರಿಂದಲೇ ತಗಲುತ್ತದೆ. ಕಿಕ್ಕಿರಿದ ಮನೆ, ಶುದ್ಧವಲ್ಲದ ನೀರು, ಶೌಚಾಲಯದ ಕೊರತೆ ಅದಕ್ಕೆ ಅನುಕೂಲ. ಚಿಕಿತ್ಸೆ ಪಡೆಯದಿದ್ದರೆ ಬದುಕಿಡೀ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಜಪಾನಿನಲ್ಲಿ 1,526 ಜನರನ್ನು ಸರಾಸರಿ ಎಂಟು ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಟನ್ನು ಸ್ಪಷ್ಟವಾಗಿ ತೋರಿಸಿತು. ಸೋಂಕಿದ್ದ 1,246 ಜನರಲ್ಲಿ 36 ಜನರಿಗೆ ಜಠರ ಕ್ಯಾನ್ಸರ್ ಬಂತು. ಸೋಂಕಿಲ್ಲದ 280 ಜನರಲ್ಲಿ ಒಬ್ಬರಿಗೂ ಬರಲಿಲ್ಲ.

ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿ. ಸೋಂಕಿದ್ದವರಲ್ಲಿ ನೂರಕ್ಕೆ ತೊಂಬತ್ತೇಳು ಜನರಿಗೆ ಆ ಅವಧಿಯಲ್ಲಿ ಕ್ಯಾನ್ಸರ್ ಬರಲಿಲ್ಲ. ಜಗತ್ತಿನ ಅರ್ಧದಷ್ಟು ಜನರ ಜಠರದಲ್ಲಿ ಈ ಬ್ಯಾಕ್ಟೀರಿಯಾ ಇದೆ. ಹಾಗಾದರೆ ಆ ಕೆಲವರಲ್ಲಿ ಮಾತ್ರ ಉರಿಯೂತ ಕ್ಯಾನ್ಸರ್‌ವರೆಗೆ ಹೋಗುವುದೇಕೆ? ಊಟದ ಮಾತು ಬರುವುದು ಇಲ್ಲಿ.

ಬೆಟ್ಟದ ಊರು, ಕಡಲ ಊರು

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ನಾರಿನ್ಯೊ ಎಂಬ ಪ್ರಾಂತ್ಯವಿದೆ. ಅಲ್ಲಿ ಆಂಡಿಸ್ ಪರ್ವತದ ಮೇಲೆ, ಮೂರು ಸಾವಿರ ಮೀಟರ್ ಎತ್ತರದಲ್ಲಿ ತುಕೆರೆಸ್ ಎಂಬ ಪಟ್ಟಣ. ಕೆಳಗೆ ಪೆಸಿಫಿಕ್ ಕಡಲತಡಿಯಲ್ಲಿ ತುಮಾಕೊ. ಎರಡೂ ಕಡೆ ನೂರಕ್ಕೆ ತೊಂಬತ್ತರಷ್ಟು ಜನರಿಗೆ ಎಚ್. ಪೈಲೋರಿ ಸೋಂಕಿದೆ. ಆದರೆ ಬೆಟ್ಟದ ಊರಿನಲ್ಲಿ ಜಠರ ಕ್ಯಾನ್ಸರ್ ಕಡಲ ಊರಿಗಿಂತ ಸುಮಾರು 25 ಪಟ್ಟು ಹೆಚ್ಚು.

ಕೊಲಂಬಿಯಾದವರೇ ಆದ ರೋಗವಿಜ್ಞಾನಿ ಪೆಲಾಯೊ ಕೊರ್ರೆಯಾ ಈ ಅಂತರದ ಹಿಂದೆ ದಶಕಗಳ ಕಾಲ ಬಿದ್ದರು. ಕಡಲತಡಿಯವರು ಮೀನು ಮತ್ತು ತಾಜಾ ಹಣ್ಣು ಹೆಚ್ಚು ತಿನ್ನುತ್ತಾರೆ. ಬೆಟ್ಟದವರ ಊಟದಲ್ಲಿ ಆಲೂಗಡ್ಡೆ, ಕಾಳು ಮತ್ತು ಉಪ್ಪಿನದೇ ಮೇಲುಗೈ, ತಾಜಾ ಹಣ್ಣು ತರಕಾರಿ ಕಡಿಮೆ. ಊಟವೊಂದೇ ಕಾರಣವೂ ಅಲ್ಲ. ಬೆಟ್ಟದಲ್ಲಿ ಹಬ್ಬಿರುವ ಬ್ಯಾಕ್ಟೀರಿಯಾದ ವಂಶ ಮತ್ತು ಅಲ್ಲಿನ ಜನರ ವಂಶ ಒಂದಕ್ಕೊಂದು ಹೊಂದದೆ ಇರುವುದೂ ಅಪಾಯ ಹೆಚ್ಚಿಸಿದೆ ಎಂದು ನಂತರದ ಸಂಶೋಧನೆ ತೋರಿಸಿತು. ಕಡಲತಡಿಯಲ್ಲಿ ಸಾಮಾನ್ಯವಾದ ಹೊಟ್ಟೆಹುಳುಗಳು ದೇಹದ ಉರಿಯೂತದ ಕಾವನ್ನು ತಗ್ಗಿಸಿರಬಹುದು ಎಂಬ ವಿವರಣೆಯೂ ಇದೆ.

1975ರಲ್ಲಿ ಕೊರ್ರೆಯಾ ಮತ್ತು ಸಂಗಡಿಗರು ಮುಂದಿಟ್ಟ ವಿವರಣೆ ಇವತ್ತಿಗೂ ಜಠರ ಕ್ಯಾನ್ಸರ್ ಅರಿಯಲು ಆಧಾರ. ಮೊದಲು ಒಳಪದರದಲ್ಲಿ ಉರಿಯೂತ. ಅದು ಆರದೆ ಉಳಿದರೆ ಆಮ್ಲ ಸ್ರವಿಸುವ ಗ್ರಂಥಿಗಳು ಸವೆದು ತೆಳುವಾಗುತ್ತವೆ. ಮುಂದೆ ಆ ಜಾಗದಲ್ಲಿ ಜಠರಕ್ಕೆ ಸೇರದ, ಕರುಳಿನದನ್ನು ಹೋಲುವ ಜೀವಕೋಶಗಳು ಬೆಳೆಯುತ್ತವೆ. ಕೆಲವರಲ್ಲಿ ಅವು ಆಕಾರ ಕೆಟ್ಟು ಅಂಕೆ ಮೀರುತ್ತವೆ. ಕೊನೆಗೆ, ಅವರಲ್ಲೂ ಕೆಲವರಿಗೆ, ಕ್ಯಾನ್ಸರ್. ಮೊದಲ ಹಂತದಿಂದ ಕೊನೆಯದಕ್ಕೆ ಬರಲು ದಶಕಗಳು ಬೇಕು. ಬಹುತೇಕರು ಮೊದಲೆರಡು ಹಂತಗಳಲ್ಲೇ ನಿಲ್ಲುತ್ತಾರೆ. ನಾವು ಉಣ್ಣುವುದು ಈ ಪಯಣವನ್ನು ಚುರುಕು ಮಾಡಲೂಬಹುದು, ನಿಧಾನಿಸಲೂಬಹುದು.

ಉಪ್ಪಿನ ಪಾತ್ರ

ಜಠರ ಕ್ಯಾನ್ಸರ್ ಮತ್ತು ಆಹಾರದ ಬಗ್ಗೆ ಇರುವ ಪುರಾವೆಗಳಲ್ಲಿ ಗಟ್ಟಿಯಾದದ್ದು ಉಪ್ಪು ಹಾಕಿ ಕೆಡದಂತೆ ಇಟ್ಟ ಆಹಾರದ ಕುರಿತಾದದ್ದು. ಜಪಾನಿನಲ್ಲಿ ಸುಮಾರು 39,000 ಜನರನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪ್ಪು ಬೆರೆಸಿಟ್ಟ ಮೀನಿನ ಮೊಟ್ಟೆಯಂಥವನ್ನು ಹೆಚ್ಚು ತಿನ್ನುವವರಿಗೆ ಈ ಕ್ಯಾನ್ಸರ್ ಹೆಚ್ಚಾಗಿ ಬಂದಿತ್ತು.

ಉಪ್ಪು ಮಾಡುವುದೇನು? ಮಲೆನಾಡಿನ ಮನೆಗಳಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕಿ ಜಾಡಿಯಲ್ಲಿ ತುಂಬಿಡುವುದನ್ನು ನೋಡಿದ್ದೀರಿ. ಕೆಲವೇ ದಿನದಲ್ಲಿ ಮಿಡಿ ನೀರು ಬಿಡುತ್ತದೆ, ಬಿಗಿಯಾಗಿದ್ದ ಸಿಪ್ಪೆ ಸುಕ್ಕುಗಟ್ಟುತ್ತದೆ. ಜಠರದ ಒಳಗೋಡೆಯ ಮೇಲೆ ಬೀಳುವ ಅತಿಯಾದ ಉಪ್ಪಿನ ಕೆಲಸವೂ ಇದೇ ಬಗೆಯದು. ಅದು ಜೀವಕೋಶಗಳ ನೀರನ್ನು ಎಳೆಯುತ್ತದೆ, ಅವನ್ನು ಆಮ್ಲದಿಂದ ಕಾಪಾಡುವ ಲೋಳೆಯ ಪದರವನ್ನು ಕೆಡಿಸುತ್ತದೆ. ರಕ್ಷಣೆ ಕಳೆದುಕೊಂಡ ಗೋಡೆಗೆ ಗಾಯವಾಗುತ್ತದೆ, ಉರಿಯೂತ ಹೆಚ್ಚುತ್ತದೆ.

ಎಚ್. ಪೈಲೋರಿ ಜೊತೆಗಿದ್ದರೆ ಉಪ್ಪು ಇನ್ನೂ ಕೆಟ್ಟದ್ದು. ಉಪ್ಪು ಹೆಚ್ಚಿರುವಲ್ಲಿ ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ‘ಕ್ಯಾಗ್‌ ಎ’ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. 2013ರಲ್ಲಿ ಅಮೆರಿಕದ ಸಂಶೋಧಕರು ಜರ್ಬಿಲ್ ಎಂಬ ಇಲಿಯ ಜಾತಿಯ ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಇಂಥ ತಳಿಯ ಸೋಂಕಿದ್ದು ಸಾಮಾನ್ಯ ಆಹಾರ ತಿಂದವುಗಳಲ್ಲಿ ಶೇ 58ರಷ್ಟಕ್ಕೆ ಕ್ಯಾನ್ಸರ್ ಬಂತು. ಅದೇ ಸೋಂಕಿನ ಜೊತೆ ಉಪ್ಪು ಹೆಚ್ಚಿದ್ದ ಆಹಾರ ತಿಂದ ಎಲ್ಲವಕ್ಕೂ ಬಂತು. ಪ್ರಾಣಿಗಳ ಲೆಕ್ಕವನ್ನು ಹಾಗೆಯೇ ಮನುಷ್ಯರಿಗೆ ಹಚ್ಚಲಾಗದು. ಆದರೆ ಸೋಂಕು ಮತ್ತು ಉಪ್ಪು ಒಂದಕ್ಕೊಂದು ಕೈಜೋಡಿಸುತ್ತವೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಮಿಜೋರಾಂನ ಒಲೆಯ ಮೇಲೆ

ಭಾರತದಲ್ಲಿ ಜಠರ ಕ್ಯಾನ್ಸರ್ ಅತಿ ಹೆಚ್ಚು ಇರುವುದು ಮಿಜೋರಾಂನಲ್ಲಿ. ದೇಶದ ಕ್ಯಾನ್ಸರ್ ನೋಂದಣಿಯ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲೇ. ಅದು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಐಜ್ವಾಲ್ ಜಿಲ್ಲೆಯಲ್ಲಿ ಒಂದು ಲಕ್ಷ ಗಂಡಸರಲ್ಲಿ ವರ್ಷಕ್ಕೆ 269 ಮಂದಿಗೆ ಯಾವುದಾದರೊಂದು ಕ್ಯಾನ್ಸರ್ ಬರುತ್ತಿತ್ತು. ಗಂಡಸರ ಲೆಕ್ಕದಲ್ಲಿ ಅದು ದೇಶದಲ್ಲೇ ಮೊದಲ ಸ್ಥಾನ.

ಮಿಜೋ ಮನೆಗಳ ಒಲೆಯ ಮೇಲೆ ಅಟ್ಟಣಿಗೆ ಕಟ್ಟಿ ಹಂದಿಮಾಂಸವನ್ನು ಹೊಗೆಗೆ ಒಣಗಿಸುವ ರೂಢಿ ಹಳೆಯದು. ಹಂದಿಯ ಕೊಬ್ಬನ್ನು ಹುದುಗು ಬರಿಸಿ ‘ಸಾಉಮ್’ ಮಾಡುತ್ತಾರೆ. ಸೊಪ್ಪು ತರಕಾರಿ ಬೇಯಿಸುವಾಗ ಬೂದಿಯಿಂದ ಸೋಸಿದ ಕ್ಷಾರದ ನೀರನ್ನೋ ಸೋಡಾವನ್ನೋ ಹಾಕುತ್ತಾರೆ. ತಂಬಾಕಿನ ಹೊಗೆಯನ್ನು ನೀರಿಗೆ ಹಾಯಿಸಿ ಮಾಡುವ ‘ತುಯ್ಬುರ್’ ಎಂಬ ದ್ರವವನ್ನು ಬಾಯಲ್ಲಿ ಇರಿಸಿಕೊಳ್ಳುತ್ತಾರೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ರೋಗಿಗಳನ್ನು ಆರೋಗ್ಯವಂತರ ಜೊತೆ ಹೋಲಿಸಿ ನೋಡಿತು. ಹೊಗೆಯಲ್ಲಿ ಒಣಗಿಸಿದ, ಉಪ್ಪು ಹಾಕಿದ ಮಾಂಸ ಮತ್ತು ಮೀನು, ಸಾಉಮ್, ಸೋಡಾ ಇವುಗಳ ಬಳಕೆ ಹೆಚ್ಚಿದ್ದವರಲ್ಲಿ ಜಠರ ಕ್ಯಾನ್ಸರ್ ಹೆಚ್ಚು ಎಂದು ಕಂಡಿತು.

ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ರಾಸಾಯನಿಕಗಳಿರುತ್ತವೆ. ಮಾಂಸ ಕೆಡದಂತೆ ಬಳಸುವ ನೈಟ್ರೈಟು ಜಠರದಲ್ಲಿ ಪ್ರೋಟೀನಿನ ತುಣುಕುಗಳ ಜೊತೆ ಸೇರಿ ನೈಟ್ರೊಸೊ ಸಂಯುಕ್ತಗಳಾಗುತ್ತದೆ. ಇವು ಡಿಎನ್‌ಎಯನ್ನು ನೇರವಾಗಿ ಹಾನಿಗೊಳಿಸಬಲ್ಲವು. ಸಿ ವಿಟಮಿನ್ ಈ ಕ್ರಿಯೆಯನ್ನು ತಡೆಯುತ್ತದೆ. ನೆಲ್ಲಿಕಾಯಿ, ಸೀಬೆ, ನಿಂಬೆ, ಕಿತ್ತಳೆ ಒಳ್ಳೆಯವು ಎನ್ನುವುದಕ್ಕೆ ಇದೂ ಒಂದು ಕಾರಣ. ಮಹಾನಗರಗಳಲ್ಲಿ ಈಗ ಮಾಮೂಲಾಗಿರುವ ಸಾಸೇಜ್, ಸಲಾಮಿ, ಬೇಕನ್ ಕೂಡ ಸಂಸ್ಕರಿಸಿದ ಮಾಂಸವೇ. ಈ ಜಾತಿಯ ಮಾಂಸ ಜಠರದ ಕೆಳಭಾಗದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ ಎಂಬುದಕ್ಕೆ ಬಲವಾದ ಪುರಾವೆ ಇದೆ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳಿದೆ.

ಊಟಕ್ಕೆ ಅಂಕ ಕೊಡುವ ವಿಧಾನ

ಉಪ್ಪು, ಹೊಗೆ, ನೈಟ್ರೈಟ್ ಎಂದು ಒಂದೊಂದನ್ನೇ ಹಿಡಿದು ನೋಡುವುದರಲ್ಲಿ ಒಂದು ಕೊರತೆಯಿದೆ. ಯಾರೂ ಬರೀ ಉಪ್ಪನ್ನೋ ಬರೀ ಸಿ ವಿಟಮಿನ್ನನ್ನೋ ತಿನ್ನುವುದಿಲ್ಲ, ಊಟ ಮಾಡುತ್ತಾರೆ. ಇಡೀ ಊಟ ದೇಹದ ಉರಿಯೂತವನ್ನು ಎತ್ತಲಿಗೆ ಒಯ್ಯುತ್ತದೆ ಎಂದು ಅಳೆಯಲು ಅಮೆರಿಕದ ಸೌತ್ ಕರೋಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸೂಚ್ಯಂಕ ರೂಪಿಸಿದರು. ಅದರ ಪರಿಷ್ಕೃತ ರೂಪ 2014ರಲ್ಲಿ ಪ್ರಕಟವಾಯಿತು.

ಅವರು ಸುಮಾರು ಎರಡು ಸಾವಿರ ಸಂಶೋಧನಾ ಪ್ರಬಂಧಗಳನ್ನು ಓದಿ, 45 ಆಹಾರಾಂಶಗಳನ್ನು ಆರಿಸಿದರು. ಪ್ರತಿಯೊಂದೂ ರಕ್ತದಲ್ಲಿ ಉರಿಯೂತ ಸೂಚಿಸುವ ಆರು ವಸ್ತುಗಳನ್ನು ಏರಿಸುತ್ತದೆಯೇ ಇಳಿಸುತ್ತದೆಯೇ ಎಂದು ನೋಡಿ ಅಂಕ ಕೊಟ್ಟರು. ಡಾಕ್ಟರು ಬರೆದುಕೊಡುವ ಸಿಆರ್‌ಪಿ ಪರೀಕ್ಷೆಯ ಸಿಆರ್‌ಪಿ ಆ ಆರರಲ್ಲಿ ಒಂದು. ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬುಗಳಿಗೆ ಉರಿಯೂತ ಏರಿಸುವ ಅಂಕ. ನಾರು, ಸಿ ಮತ್ತು ಇ ವಿಟಮಿನ್, ಮೆಗ್ನೀಸಿಯಂ, ಮೀನು ಮತ್ತು ಅಗಸೆಯಲ್ಲಿರುವ ಒಮೆಗಾ–3 ಕೊಬ್ಬು, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಅರಿಸಿನಗಳಿಗೆ ಇಳಿಸುವ ಅಂಕ. ಎಲ್ಲ ಕೂಡಿದರೆ ಒಬ್ಬರ ಆಹಾರಕ್ರಮದ ಅಂಕ ಸಿಗುತ್ತದೆ.

ಇಟಲಿಯಲ್ಲಿ 230 ಜಠರ ಕ್ಯಾನ್ಸರ್ ರೋಗಿಗಳನ್ನೂ ಆ ಕಾಯಿಲೆ ಇಲ್ಲದ 547 ಮಂದಿಯನ್ನೂ ಈ ಸೂಚ್ಯಂಕದಿಂದ ಅಳೆದಾಗ, ಉರಿಯೂತದ ಅಂಕ ಅತಿ ಹೆಚ್ಚಿದ್ದ ಗುಂಪಿನಲ್ಲಿ ಕ್ಯಾನ್ಸರಿನ ಸಾಧ್ಯತೆ ಅತಿ ಕಡಿಮೆ ಇದ್ದ ಗುಂಪಿನ ಎರಡು ಪಟ್ಟಿಗೂ ಹೆಚ್ಚು ಎಂದು ಕಂಡಿತು. ಕೊರಿಯಾದಲ್ಲೂ ಅದೇ ದಿಕ್ಕಿನ ಫಲಿತಾಂಶ ಬಂತು. ಯುರೋಪಿನ ಹತ್ತು ದೇಶಗಳ 4.7 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದು ಇಂಥದ್ದೇ ಇನ್ನೊಂದು ಸೂಚ್ಯಂಕ ಬಳಸಿತು. ಅಂಕ ಒಂದು ಹಂತ ಏರಿದಾಗ ಅಪಾಯ ಸುಮಾರು ಶೇ 25ರಷ್ಟು ಹೆಚ್ಚುತ್ತದೆ ಎಂದು 2018ರಲ್ಲಿ ವರದಿ ಮಾಡಿತು. ಅನ್ನನಾಳ ಸೇರುವ ಜಠರದ ಮೇಲ್ಭಾಗದಲ್ಲಿ ಈ ನಂಟು ಹೆಚ್ಚು ಸ್ಪಷ್ಟವಾಗಿತ್ತು. ಬೊಜ್ಜು ಅಪಾಯ ತರುವುದೂ ಇದೇ ಮೇಲ್ಭಾಗಕ್ಕೆ. ಹೊಟ್ಟೆಯ ಸುತ್ತಲಿನ ಕೊಬ್ಬು ತಾನೇ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತಿರುತ್ತದೆ.

ಅಂಕಿಗಳನ್ನು ಓದುವ ಬಗೆ

ಶೇ 25 ಎಂದಾಕ್ಷಣ ಎದೆ ಬಡಿದುಕೊಳ್ಳಬೇಕಿಲ್ಲ. ಉದಾಹರಣೆಗೆ, ಒಂದು ಕಾಯಿಲೆ ಸಾವಿರ ಜನರಲ್ಲಿ ನಾಲ್ವರಿಗೆ ಬರುತ್ತದೆ ಎನ್ನಿ. ಅಪಾಯ ಶೇ 25 ಹೆಚ್ಚಾದರೆ ಅದು ಐವರಿಗೆ ಬರುತ್ತದೆ. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಚಿಕ್ಕ ಏರಿಕೆ. ಕೋಟ್ಯಂತರ ಜನರಿರುವ ನಾಡಿನ ಮಟ್ಟಿಗೆ ಸಾವಿರಾರು ಜೀವಗಳ ಪ್ರಶ್ನೆ.

ರೋಗ ಬಂದ ಮೇಲೆ ‘ಮೊದಲು ಏನು ತಿನ್ನುತ್ತಿದ್ದಿರಿ’ ಎಂದು ಕೇಳಿದರೆ ನೆನಪು ಮೋಸ ಮಾಡುತ್ತದೆ. ತರಕಾರಿ ಕಡಿಮೆ ತಿನ್ನುವವರು ಬಡವರಿರಬಹುದು, ಸಿಗರೇಟು ಸೇದುತ್ತಿರಬಹುದು, ಚಿಕ್ಕಂದಿನಲ್ಲಿ ಶುದ್ಧ ನೀರು ಕಾಣದವರಿರಬಹುದು. ಸಂಶೋಧಕರು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾದರೂ ಪೂರ್ತಿ ಬೇರ್ಪಡಿಸುವುದು ಕಷ್ಟ. ಆದ್ದರಿಂದ ‘ಉರಿಯೂತ ಹೆಚ್ಚಿಸುವ ಆಹಾರ ಅಪಾಯವನ್ನು ಹೆಚ್ಚಿಸಬಹುದು’ ಎನ್ನುವುದೇ ಸರಿಯಾದ ಮಾತು. ಉಪ್ಪಿನಲ್ಲಿಟ್ಟ ಆಹಾರ, ತಂಬಾಕು, ಅತಿಯಾದ ಮದ್ಯ, ಎಚ್. ಪೈಲೋರಿ ಇವುಗಳ ಬಗ್ಗೆ ಇರುವಷ್ಟು ಗಟ್ಟಿ ಪುರಾವೆ ಊಟದ ಅಂಕಗಳ ಬಗ್ಗೆ ಇನ್ನೂ ಇಲ್ಲ.

ವಿಟಮಿನ್ ಮಾತ್ರೆಗಳ ವಿಷಯದಲ್ಲೂ ಎಚ್ಚರ ಬೇಕು. ಚೀನಾದ ಶಾಂಡಾಂಗ್ ಪ್ರಾಂತ್ಯದ ಲಿಂಚು ಎಂಬಲ್ಲಿ 1995ರಲ್ಲಿ ಶುರುವಾದ ಪ್ರಯೋಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡರು. ಎರಡೇ ವಾರ ಎಚ್. ಪೈಲೋರಿಗೆ ಚಿಕಿತ್ಸೆ ಪಡೆದವರಲ್ಲಿ 22 ವರ್ಷಗಳ ನಂತರವೂ ಜಠರ ಕ್ಯಾನ್ಸರ್ ಅರ್ಧದಷ್ಟು ಕಡಿಮೆಯಿತ್ತು. ಏಳು ವರ್ಷ ವಿಟಮಿನ್ ಪಡೆದವರಿಗೂ ಲಾಭವಾಯಿತು, ಬೆಳ್ಳುಳ್ಳಿಯ ಸತ್ವ ಪಡೆದವರಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಕಡಿಮೆಯಾಯಿತು. ಆದರೆ ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವವರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು ಎಂಬುದನ್ನೂ ಮರೆಯಬಾರದು. ಕ್ಯಾರೆಟ್ಟಿನಲ್ಲಿ ಒಳಿತು ಮಾಡುವ ವಸ್ತು ಮಾತ್ರೆಯಲ್ಲೂ ಒಳಿತೇ ಮಾಡುತ್ತದೆಂಬ ಖಾತರಿಯಿಲ್ಲ.

ಫ್ರಿಜ್ ಬಂದ ಮೇಲೆ

1930ರ ದಶಕದಲ್ಲಿ ಅಮೆರಿಕದ ಗಂಡಸರು ಕ್ಯಾನ್ಸರಿನಿಂದ ಸಾಯುತ್ತಿದ್ದುದಕ್ಕೆ ಮೊದಲ ಕಾರಣ ಜಠರ ಕ್ಯಾನ್ಸರ್. ನಂತರದ ದಶಕಗಳಲ್ಲಿ ಅದು ಒಂದೇ ಸಮನೆ ಇಳಿಯುತ್ತ ಹೋಯಿತು. ಅದಕ್ಕೆಂದು ಯಾವ ಲಸಿಕೆಯೂ ಬಂದಿರಲಿಲ್ಲ. ಬಂದದ್ದು ಮನೆ ಮನೆಗೆ ಫ್ರಿಜ್, ವರ್ಷವಿಡೀ ತಾಜಾ ಹಣ್ಣು ತರಕಾರಿ, ಶುದ್ಧ ನೀರು. ಮಾಂಸ, ಮೀನು ಕೆಡದಂತೆ ಉಪ್ಪಿನಲ್ಲಿ ಹೂತಿಡಬೇಕಾದ ಅಗತ್ಯ ಹೋಯಿತು. ಜಪಾನಿನಲ್ಲೂ ಫ್ರಿಜ್ ಹರಡಿದಂತೆ ಊಟದ ಉಪ್ಪು ತಗ್ಗಿತು, ಈ ಕ್ಯಾನ್ಸರಿನ ಪ್ರಮಾಣವೂ ತಗ್ಗಿತು.

ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದವರನ್ನು ಕುರಿತು 1968ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಬೆಲೆಬಾಳುವ ವಿಷಯ ಹೇಳಿತು. ವಲಸೆ ಹೋದ ತಲೆಮಾರಿನಲ್ಲಿ ಜಠರ ಕ್ಯಾನ್ಸರ್ ಹೆಚ್ಚಾಗಿಯೇ ಉಳಿದಿತ್ತು. ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಗಣನೀಯವಾಗಿ ಇಳಿದಿತ್ತು. ರಕ್ತ ಒಂದೇ, ಬೆಳೆದ ಪರಿಸರ ಮತ್ತು ಚಿಕ್ಕಂದಿನ ಊಟ ಬೇರೆ. ಹಣೆಬರಹ ಎಂದುಕೊಂಡದ್ದನ್ನು ಒಂದೇ ತಲೆಮಾರು ಬದಲಿಸಿತ್ತು.

ನಮ್ಮ ಅಡುಗೆಮನೆಯಲ್ಲಿ

ಭಾರತದಲ್ಲಿ ಎಚ್. ಪೈಲೋರಿ ಸೋಂಕು ತುಂಬ ಸಾಮಾನ್ಯ. ಆದರೂ ಒಟ್ಟಾರೆಯಾಗಿ ಜಠರ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗಿಂತ ಬಹಳ ಕಡಿಮೆ. ಇದನ್ನು ಸಂಶೋಧಕರು ‘ಭಾರತದ ಒಗಟು’ ಎಂದೇ ಕರೆಯುತ್ತಾರೆ. ದೇಶದೊಳಗೆ ನೋಡಿದರೆ ಉತ್ತರಕ್ಕಿಂತ ದಕ್ಷಿಣದಲ್ಲಿ ಹೆಚ್ಚು. ಎಂಬತ್ತರ ದಶಕದ ಆರಂಭದಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಬೆಂಗಳೂರಿನಲ್ಲಿ ಇಟ್ಟುಕೊಂಡು ಬಂದ ನೋಂದಣಿಯಲ್ಲೂ ಚೆನ್ನೈನ ನೋಂದಣಿಯಲ್ಲೂ ಇದು ಕಾಣುತ್ತದೆ.

ಖಾರ ಕಾರಣವೇ? ತಿರುವನಂತಪುರದ ಒಂದು ಅಧ್ಯಯನ ಮತ್ತು ಮೆಕ್ಸಿಕೊದ ಇನ್ನೊಂದು ಅತಿಯಾದ ಮೆಣಸಿನಕಾಯಿಯ ಕಡೆ ಬೆರಳು ತೋರಿಸಿವೆ. ಅಷ್ಟರಿಂದ ವಿಷಯ ಇತ್ಯರ್ಥವಾಗಿಲ್ಲ. ಹೊಟ್ಟೆಹುಣ್ಣಿಗೆ ಖಾರವೇ ಕಾರಣ ಎಂಬ ನಂಬಿಕೆ ಮಾತ್ರ ತಪ್ಪು. ಹುಣ್ಣಿನ ಮುಖ್ಯ ಕಾರಣಗಳು ಎಚ್. ಪೈಲೋರಿ ಮತ್ತು ನೋವಿನ ಮಾತ್ರೆಗಳ ಅತಿ ಬಳಕೆ.

ಉಪ್ಪಿನಕಾಯಿ ಬಿಡಬೇಕೇ? ಎಲೆಯ ತುದಿಗೆ ಬಡಿಸಿದ ಒಂದು ಹೋಳು ಬೇರೆ, ಪಲ್ಯವಿಲ್ಲದೆ ಮೂರು ಹೊತ್ತೂ ಉಪ್ಪಿನಕಾಯಿಯಲ್ಲೇ ಅನ್ನ ಮುಗಿಸುವುದು ಬೇರೆ. ಕರಾವಳಿಯ ಒಣಮೀನು, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ, ಹಪ್ಪಳ, ಬಾಳಕದ ಮೆಣಸು ಎಲ್ಲಕ್ಕೂ ಇದೇ ಮಾತು. ಒಣಮೀನನ್ನೂ ಸೊಳೆಯನ್ನೂ ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಬಳಸುವ ಹಳಬರ ಪದ್ಧತಿಯನ್ನು ಕೈಬಿಡಬಾರದು. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ, ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚಿಪ್ಸ್, ಮಿಕ್ಸ್‌ಚರ್, ಇನ್‌ಸ್ಟಂಟ್ ನೂಡಲ್ಸ್‌ಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಬೇಕು.

ಉರಿಯೂತ ಇಳಿಸುವ ಊಟಕ್ಕೆ ಹೊರದೇಶದ ಆಲಿವ್ ಎಣ್ಣೆ, ಬೆಣ್ಣೆಹಣ್ಣು ತರಿಸಬೇಕಿಲ್ಲ. ಮುದ್ದೆಗೆ ಸೊಪ್ಪಿನ ಬಸ್ಸಾರು, ಜೋಳದ ರೊಟ್ಟಿಗೆ ಹಸಿ ಮೆಂತ್ಯದ ಸೊಪ್ಪು, ಈರುಳ್ಳಿ, ಅಗಸೆ ಚಟ್ನಿಪುಡಿ, ಮೊಳಕೆಕಾಳಿನ ಪಲ್ಯ, ಹೆಸರುಬೇಳೆ ಕೋಸಂಬರಿ, ಒಂದೆಲಗದ ತಂಬುಳಿ, ಬಂಗುಡೆ ಬೂತಾಯಿಯ ಸಾರು. ನಾರು, ಒಳ್ಳೆಯ ಕೊಬ್ಬು, ವಿಟಮಿನ್ ಎಲ್ಲ ಇವುಗಳಲ್ಲಿವೆ. ಪಾಲಿಶ್ ಅಕ್ಕಿಯ ಅನ್ನದ ರಾಶಿಯ ಪಕ್ಕ ಒಂದು ಚಮಚ ಪಲ್ಯ ಇಡುವುದರ ಬದಲು ಪಲ್ಯ, ಕಾಳು, ಸೊಪ್ಪಿನ ಪಾಲು ಹೆಚ್ಚಿಸಿದರೆ ಅರ್ಧ ಕೆಲಸ ಆದಂತೆ. ಹಣ್ಣು ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮಾತ್ರೆ ಮರೆಮಾಚುವ ಲಕ್ಷಣಗಳು

ಜಠರ ಕ್ಯಾನ್ಸರ್ ಆರಂಭದಲ್ಲಿ ಅಜೀರ್ಣದ ವೇಷದಲ್ಲೇ ಬರುತ್ತದೆ. ಹೊಟ್ಟೆಯುಬ್ಬರ, ಹುಳಿತೇಗು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು. ಆಮ್ಲ ತಗ್ಗಿಸುವ ಮಾತ್ರೆಯಿಂದ ಕೆಲದಿನ ಆರಾಮ ಅನಿಸುತ್ತದೆ. ಅಷ್ಟರಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ಎಚ್. ಪೈಲೋರಿ ಇದೆಯೇ ಎಂದು ನೋಡುವ ಉಸಿರಿನ ಮತ್ತು ಮಲದ ಪರೀಕ್ಷೆಗಳಲ್ಲೂ ಈ ಮಾತ್ರೆಗಳಿಂದಾಗಿ ‘ಇಲ್ಲ’ ಎಂಬ ತಪ್ಪು ಉತ್ತರ ಬರಬಹುದು. ಅದಕ್ಕೇ ಪರೀಕ್ಷೆಗೆ ಎರಡು ವಾರ ಮುಂಚೆ ಅವನ್ನು ನಿಲ್ಲಿಸಲು ಡಾಕ್ಟರು ಹೇಳುತ್ತಾರೆ.

ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಮಲ ಟಾರಿನಂತೆ ಕಪ್ಪಾಗಿದ್ದರೆ, ರಕ್ತಹೀನತೆ ಇದ್ದರೆ, ನುಂಗಲು ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ ಕಾಯಬಾರದು. ನಲವತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ ವಾರಗಟ್ಟಲೆ ಉಳಿದರೂ ಅಷ್ಟೇ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರ ಕ್ಯಾನ್ಸರ್ ಬಂದಿದ್ದರೆ ಲಕ್ಷಣ ಇಲ್ಲದಿದ್ದರೂ ಡಾಕ್ಟರ ಬಳಿ ಎಚ್. ಪೈಲೋರಿ ಪರೀಕ್ಷೆಯ ಮಾತಾಡಬೇಕು. ಎಂಡೋಸ್ಕೋಪಿ ಎಂದರೆ ಹೆದರುವವರು ಬಹಳ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಅದು. ಸೋಂಕು ಇದ್ದರೆ ಸಾಮಾನ್ಯವಾಗಿ ಎರಡು ವಾರದ ಔಷಧಿ. ಅದನ್ನು ಅರ್ಧಕ್ಕೆ ಬಿಡಬಾರದು, ಬಿಟ್ಟರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತದೆ.

ಕೊರಿಯಾದಲ್ಲಿ ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರದ ಯೋಜನೆಯಲ್ಲೇ ಜಠರದ ತಪಾಸಣೆ ನಡೆಯುತ್ತದೆ. ಅಲ್ಲಿ ರೋಗ ಪತ್ತೆಯಾದವರಲ್ಲಿ ಮುಕ್ಕಾಲು ಪಾಲು ಐದು ವರ್ಷದ ಮೇಲೂ ಬದುಕಿರುತ್ತಾರೆ. ನಮ್ಮಲ್ಲಿ ಬಹುತೇಕರು ಆಸ್ಪತ್ರೆಗೆ ಬರುವುದೇ ಕಾಯಿಲೆ ಮುಂದುವರಿದ ಮೇಲೆ.

ತಟ್ಟೆಯಾಚೆಯ ಹೊಣೆ

ಇದನ್ನೆಲ್ಲ ‘ಅವರವರ ಊಟ, ಅವರವರ ಜವಾಬ್ದಾರಿ’ ಎಂದು ಮುಗಿಸುವುದು ಅನ್ಯಾಯ. ಸಂಬಳ ಬರುವ ಮುನ್ನ ಕೊನೆಯ ವಾರದಲ್ಲಿ ಸೊಪ್ಪು ಕೊಳ್ಳಲಾಗದ ಮನೆಯಲ್ಲಿ ಉಪ್ಪಿನಕಾಯಿಯೇ ಪಲ್ಯ. ಹತ್ತು ಗಂಟೆ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದ ತಾಯಿಗೆ ಬೇಕರಿಯ ಬನ್ನೇ ಮಕ್ಕಳ ಸಂಜೆಯ ತಿಂಡಿ. ಇವರಿಗೆ ಕ್ಯಾನ್ಸರಿನ ಭಯ ತುಂಬಿದರೆ ಏನೂ ಬದಲಾಗದು.

ಕಾನೂನುಗಳಿವೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಹಾನಿಕಾರಕ ವಸ್ತುಗಳು ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಎಂಬ ನಿಯಮ 2018ರಿಂದ ಇದೆ. ಆಹಾರದ ಎಣ್ಣೆ, ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದು ಎಂಬ ನಿಯಮ 2022ರಿಂದ ಇದೆ. ಅವು ಬೀದಿಬದಿಯ ಬಾಣಲೆಯವರೆಗೂ ಬೇಕರಿಯ ಅಡುಗೆಮನೆಯವರೆಗೂ ತಲುಪಬೇಕು. ಗಾಡಿಯವರನ್ನು ದಂಡ ಹಾಕಿ ಓಡಿಸುವ ಬದಲು, ಬಳಸಿದ ಎಣ್ಣೆಯನ್ನು ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವ ವ್ಯವಸ್ಥೆ ಪ್ರತಿ ಊರಿನಲ್ಲೂ ಬರಬೇಕು. ಪ್ಯಾಕೆಟ್ಟಿನ ಮೇಲೆ ಉಪ್ಪಿನ ಪ್ರಮಾಣ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕು. ಶಾಲೆಯ ಬಿಸಿಯೂಟದ ಸಾಂಬಾರಿನಲ್ಲಿ ತರಕಾರಿ ಹುಡುಕಿ ತೆಗೆಯುವಂತಿರಬಾರದು. ತಾಲ್ಲೂಕು ಆಸ್ಪತ್ರೆಯಲ್ಲೇ ಎಚ್. ಪೈಲೋರಿ ಪರೀಕ್ಷೆ ಸಿಗಬೇಕು, ಜಿಲ್ಲಾಸ್ಪತ್ರೆಯಲ್ಲಿ ಎಂಡೋಸ್ಕೋಪಿಗೆ ತಿಂಗಳು ಕಾಯುವಂತಾಗಬಾರದು. ಎಲ್ಲಕ್ಕಿಂತ ಮೊದಲು ನಲ್ಲಿಯಲ್ಲಿ ಶುದ್ಧ ನೀರು ಬರಬೇಕು, ಏಕೆಂದರೆ ಈ ಉರಿಯೂತ ಶುರುವಾಗುವುದು ಚಿಕ್ಕ ಮಕ್ಕಳಲ್ಲಿ.

ಕೆಲವೇ ದಿನಗಳಲ್ಲಿ ಮನುಷ್ಯನನ್ನು ಕೆಡಹುವ ಕಾಯಿಲೆಗಳ ಎದುರು ನಾವು ಅಸಹಾಯಕರಾಗುವುದುಂಟು. ಜಠರ ಕ್ಯಾನ್ಸರ್ ಹಾಗಲ್ಲ. ಅದು ಬರಲು ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ಕಾಲದಲ್ಲಿ ಸೋಂಕು ಪತ್ತೆಹಚ್ಚಿ ತೊಲಗಿಸಬಹುದು, ಉಪ್ಪು ತಗ್ಗಿಸಬಹುದು, ಬೀಡಿ ಸಿಗರೇಟು ಬಿಡಿಸಬಹುದು, ತಟ್ಟೆಯಲ್ಲಿ ಸೊಪ್ಪು ಹಣ್ಣಿಗೆ ಜಾಗ ಮಾಡಬಹುದು. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆಗೆ ಕಾಯಬೇಕಿಲ್ಲ. ಇಷ್ಟು ಕಾಲಾವಕಾಶವಿದ್ದೂ ಜನ ಕೊನೆಯ ಹಂತದಲ್ಲೇ ಆಸ್ಪತ್ರೆ ಸೇರುತ್ತಿದ್ದರೆ ಅದಕ್ಕೆ ವಿಧಿಯನ್ನು ದೂರುವಂತಿಲ್ಲ. ಮನೆಯವರಾಗಿ, ಊರಿನವರಾಗಿ, ಸರ್ಕಾರವಾಗಿ ನಾವು ಮಾಡಬೇಕಾದ್ದನ್ನು ಮಾಡದೆ ಉಳಿಸಿದ್ದೇ ಅದಕ್ಕೆ ಕಾರಣ.